ಕಂಕುಳ ಕೂಸು, ಕಬ್ಬಿನ ಹಾದಿ

ದೂರದ ಪ್ರಯಾಣವನ್ನು ಕುರಿತು ನಮ್ಮಲ್ಲಿ ಬರಹಗಳಿಗೆ ಕೊರತೆಯಿಲ್ಲ. ಕಾಶಿಗೆ ಹೋದವರು ಬರೆದಿದ್ದಾರೆ, ಹಿಮಾಲಯವನ್ನೇರಿದವರು ಬರೆದಿದ್ದಾರೆ, ಕಡಲನ್ನು ದಾಟಿದವರೂ ಬರೆದಿದ್ದಾರೆ. ಇವರಲ್ಲಿ ಬಹುಮಂದಿ ಕೈಬೀಸಿಕೊಂಡು ಹೊರಟವರು. ಕಂಕುಳಲ್ಲಿ ಎಳೆಗೂಸನ್ನೆತ್ತಿಕೊಂಡು, ತಲೆಯ ಮೇಲೆ ಗಂಟು ಹೊತ್ತು, ಐದು ತಿಂಗಳ ಕಾಲ ಬಯಲಿನಲ್ಲಿ ಬಿಡಾರ ಹೂಡುವ ತಾಯಿಯ ಪ್ರಯಾಣ ಬರಹಕ್ಕೆ ಬಂದದ್ದು ಕಡಿಮೆ. ಆದರೆ ವಿಜಯಪುರ ಜಿಲ್ಲೆಯ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಯಾಣ. ಇಂದು ನಾನು ಆಡಬೇಕೆಂದಿರುವ ನಾಲ್ಕು ಮಾತು ಈ ಪ್ರಯಾಣದ ಸಿದ್ಧತೆಯನ್ನು ಕುರಿತದ್ದು.

ಇಟ್ಟಂಗಿಹಾಳದ ಸುತ್ತಿನ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ದೀಪಾವಳಿ ಕಳೆಯಿತೆಂದರೆ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಕಬ್ಬಿನ ಹಂಗಾಮು ಆರಂಭವಾಯಿತೆಂಬುದಕ್ಕೆ ಅದೇ ಗುರುತು. ಮುಕಾದಮನಿಂದ ಮುಂಗಡ ಪಡೆದ ಗಂಡ ಹೆಂಡಿರು ಜೋಡಿಯಾಗಿ ಗ್ಯಾಂಗಿನಲ್ಲಿ ಸೇರಿ, ಜಮಖಂಡಿ, ಅಥಣಿಯ ಕಡೆಗೋ, ಗಡಿ ದಾಟಿ ಸಾಂಗಲಿ, ಕೊಲ್ಹಾಪುರದ ಕಡೆಗೋ ನಡೆಯುತ್ತಾರೆ. ಮತ್ತೆ ಊರು ಕಾಣುವುದು ಹೋಳಿ ಹುಣ್ಣಿಮೆಯ ಆಸುಪಾಸಿಗೆ. ಜೋಡಿಯ ಲೆಕ್ಕದಲ್ಲಿ ಮುಂಗಡ ಕೊಟ್ಟಿರುವುದರಿಂದ ಹೆಂಡತಿ ಹಿಂದುಳಿಯುವಂತಿಲ್ಲ. ಮೊಲೆಯುಣ್ಣುವ ಕೂಸು ತಾಯಿಯನ್ನು ಬಿಟ್ಟಿರುವಂತಿಲ್ಲ. ಒಬ್ಬ ತಾಯಿಯನ್ನು ನಾನು, "ಈ ಸಲ ಮನೆಯಲ್ಲಿಯೇ ಉಳಿಯಬಾರದೇನವ್ವ?" ಎಂದು ಕೇಳಿದಾಗ ಆಕೆ ಹೇಳಿದ್ದಿಷ್ಟು: "ರೊಕ್ಕ ತಗೊಂಡೀವ್ರಿ. ನಾ ಹೋಗಲಿಲ್ಲಂದ್ರ ಅವರೊಬ್ಬರ ಏನ್ ಕಡೀತಾರ್ರೀ? ಕೂಸಿನ ಬಿಟ್ಟಾದರೂ ಹ್ಯಾಂಗ ಹೋಗಲಿ?" ಈ ಪ್ರಶ್ನೆಗೆ ಉಪದೇಶ ಉತ್ತರವಾಗದು. ಹೋಗಲೇಬೇಕಾದ ಹಾದಿಯನ್ನು ಕೂಸಿಗೆ ಅಪಾಯವಿಲ್ಲದಂತೆ ಹೇಗೆ ಸವೆಸಬಹುದೆಂಬುದಷ್ಟೇ ನಮ್ಮ ವಿಚಾರ.

ಸಿದ್ಧತೆ ಆರಂಭವಾಗಬೇಕಾದದ್ದು ಗಂಟು ಕಟ್ಟುವುದರಿಂದಲ್ಲ, ಪಂಚಾಂಗ ನೋಡುವುದರಿಂದ. ನಮ್ಮ ದೇಶದಲ್ಲಿ 1985ರಲ್ಲಿ ಆರಂಭವಾದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಂತೆ ಕೂಸಿಗೆ ಹುಟ್ಟಿದಾಗ ಒಮ್ಮೆ, ಬಳಿಕ 6, 10 ಮತ್ತು 14 ವಾರಗಳಲ್ಲಿ, ಮುಂದೆ ಒಂಬತ್ತು ತಿಂಗಳು ತುಂಬಿದಾಗ ಲಸಿಕೆ ಹಾಕಿಸಬೇಕು. ಈಗ ಲೆಕ್ಕ ಹಾಕಿ ನೋಡಿ. ದಸರೆಯ ಹೊತ್ತಿಗೆ ಹುಟ್ಟಿದ ಕೂಸಿನ ಮೂರು ಸರದಿಗಳೂ ಕಬ್ಬಿನ ಗದ್ದೆಯಲ್ಲಿರುವಾಗಲೇ ಬರುತ್ತವೆ. ಮಾರ್ಚ್ ತಿಂಗಳಿನಲ್ಲಿ ಹುಟ್ಟಿದ ಕೂಸಿಗೆ ದಡಾರದ ಲಸಿಕೆ ಡಿಸೆಂಬರಿನಲ್ಲಿ, ಅಂದರೆ ಹಂಗಾಮಿನ ನಟ್ಟನಡುವೆ ಬೀಳುತ್ತದೆ. ಬಿಡಾರಗಳಲ್ಲಿ ಜನ ಒತ್ತೊತ್ತಾಗಿ ಇರುವುದರಿಂದ ದಡಾರ ಹರಡುವುದಕ್ಕೆ ಅದಕ್ಕಿಂತ ಅನುಕೂಲವಾದ ಸ್ಥಳ ಬೇರೆಯಿಲ್ಲ. ಆದುದರಿಂದ ತಾಯಿ ಕಾರ್ಡನ್ನು ಹಣದಷ್ಟೇ ಜೋಪಾನವಾಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯಬೇಕು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕಿಸುವುದಕ್ಕೆ ಆ ಊರಿನವರೇ ಆಗಿರಬೇಕೆಂಬ ನಿಯಮವಿಲ್ಲ. ಮಹಾರಾಷ್ಟ್ರದಲ್ಲಿಯೂ ಅದು ಉಚಿತವೇ. ಬಿಡಾರ ಹೂಡಿದ ಮೊದಲ ವಾರದಲ್ಲಿಯೇ ಅಲ್ಲಿಯ ಆಶಾ ಕಾರ್ಯಕರ್ತೆ ಯಾರು, ಅಂಗನವಾಡಿ ಎಲ್ಲಿದೆ ಎಂಬುದನ್ನು ವಿಚಾರಿಸಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಪಡಿತರ ಚೀಟಿಯ ವಿಷಯದಲ್ಲಿಯೂ ಇದೇ ಮಾತು. ಒಂದು ದೇಶ, ಒಂದು ಪಡಿತರ ಚೀಟಿ ಎಂಬ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಹಬ್ಬಿದೆ. ಊರಿನಲ್ಲಿ ಉಳಿದ ಅತ್ತೆ ಮಾವಂದಿರು ತಮ್ಮ ಪಾಲನ್ನು ಇಲ್ಲಿ ಪಡೆದು, ದುಡಿಯಲು ಹೋದವರು ತಮ್ಮ ಪಾಲನ್ನು ಅಲ್ಲಿ ಪಡೆಯಬಹುದು. ತಾಯಿಯ ಹೊಟ್ಟೆ ತುಂಬಿದರೆ ಕೂಸಿನ ಹೊಟ್ಟೆಯೂ ತುಂಬೀತು.

ಇನ್ನು ಹಾದಿಯ ವಿಷಯ. ಹಿಂದೆ ಜಾತ್ರೆಗೆ ಹೋಗುವ ಬಂಡಿಗಳಲ್ಲಿ ಕೊಲ್ಲಾರಿಯ ನೆರಳಿನಲ್ಲಿ ಕೌದಿ ಹಾಸಿ ಬಾಣಂತಿಯನ್ನು ಕುಳ್ಳಿರಿಸುತ್ತಿದ್ದರು. ಎತ್ತಿನ ನಡಿಗೆ ನಿಧಾನವಾದುದರಿಂದ ಅದರಲ್ಲಿ ಅಪಾಯ ಕಡಿಮೆ. ಇಂದು ಬಂಡಿಯ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ. ಅದರ ಹಿಂದಿನ ಟ್ರೇಲರು ಸರಕಿಗಾಗಿ ಮಾಡಿದ್ದೇ ಹೊರತು ಮನುಷ್ಯರಿಗಾಗಿ ಅಲ್ಲ. ಹಾಸಿಗೆ, ಪಾತ್ರೆ, ಕಟ್ಟಿಗೆಗಳ ರಾಶಿಯ ಮೇಲೆ ಕೂಸನ್ನೆತ್ತಿಕೊಂಡು ರಾತ್ರಿಯೆಲ್ಲ ಕುಳಿತ ತಾಯಿಗೆ ಒಂದು ಗಳಿಗೆ ತೂಕಡಿಕೆ ಬಂದರೆ ಸಾಕು, ಅನಾಹುತ ಆದೀತು. ಸಾಮಾನು ಟ್ರ್ಯಾಕ್ಟರಿನಲ್ಲಿ ಹೋಗಲಿ, ಎಳೆಗೂಸುಗಳ ತಾಯಂದಿರು ಹಗಲು ಹೊತ್ತಿನ ಬಸ್ಸಿನಲ್ಲಿ ಹೋಗಲಿ ಎಂಬ ಕರಾರನ್ನು ಮುಂಗಡ ಪಡೆಯುವಾಗಲೇ ಮುಕಾದಮನೊಡನೆ ಮಾಡಿಕೊಳ್ಳುವುದು ಮೇಲು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣ ಬೀಳುವುದಿಲ್ಲ. ಅಂದಮೇಲೆ ಇಂಥ ಕರಾರು ಯಾರಿಗೂ ಭಾರವಾಗದು.

ಸ್ವಂತ ವಾಹನದಲ್ಲಿ ಪ್ರವಾಸ ಹೊರಡುವ ಅನುಕೂಲಸ್ಥರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಕಾರಿನ ಮುಂದಿನ ಆಸನದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಳ್ಳುವುದು ಅಕ್ಕರೆಯಲ್ಲ, ಅವಿವೇಕ. ಗಾಡಿ ಥಟ್ಟನೆ ನಿಂತಾಗ ಎಂಥ ಬಲಶಾಲಿಯ ತೋಳಿನಿಂದಲೂ ಕೂಸು ಜಾರಿಹೋಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಇಲ್ಲವೆ ಮಕ್ಕಳ ಆಸನ ಇರಲೇಬೇಕೆಂದು ವಿಧಿಸಿದೆ. ಎಳೆಗೂಸಿನ ಆಸನವನ್ನು ಹಿಂದಿನ ಸೀಟಿನಲ್ಲಿ, ಅದರ ಮುಖ ವಾಹನದ ಹಿಂಬದಿಗೆ ತಿರುಗಿರುವಂತೆ ಕಟ್ಟಬೇಕು. ಎರಡು ತಾಸಿಗೊಮ್ಮೆ ನೆರಳಿನಲ್ಲಿ ಗಾಡಿ ನಿಲ್ಲಿಸಿ ಹಾಲೂಡಿಸಿ, ಕೈಕಾಲು ಆಡಿಸಲು ಬಿಡಬೇಕು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕೂಸನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು.

ಆಹಾರದ ವಿಷಯದಲ್ಲಿ ಪ್ರಕೃತಿಯೇ ಪ್ರಯಾಣಿಕರಿಗೆ ಉಪಕಾರ ಮಾಡಿದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಿನ ಹೊರತು ಕೂಸಿಗೆ ಏನೂ ಬೇಡ. ಎಂಥ ಬಿರುಬಿಸಿಲಿನಲ್ಲಿಯೂ ನೀರು ಸಹ ಬೇಡ. ಹಾಲಿನಲ್ಲಿಯೇ ಬೇಕಾದಷ್ಟು ನೀರಿದೆ. ನೀರು ಕುಡಿಯಬೇಕಾದವಳು ತಾಯಿ. ಬಾಟಲಿಯನ್ನು ಮಾತ್ರ ಗಂಟಿನಲ್ಲಿ ಕಟ್ಟಿಕೊಳ್ಳಲೇಬಾರದು. ಮನೆಯಲ್ಲಿಯೇ ಅದನ್ನು ಶುದ್ಧವಾಗಿಡುವುದು ಕಷ್ಟ, ಬಯಲಿನಲ್ಲಿ ಅಸಾಧ್ಯ. ಬೇಕಾದರೆ ಕುದಿಯುವ ನೀರಿನಲ್ಲಿ ತೊಳೆದ ಬಟ್ಟಲು, ಚಮಚ ಸಾಕು. ಆರು ತಿಂಗಳು ದಾಟಿದ ಕೂಸಿಗೆ ಹಾಲಿನ ಜೊತೆಗೆ ಮೆತ್ತನೆಯ ಅನ್ನಾಹಾರ ಬೇಕು. ಹೊರಡುವ ಮುನ್ನವೇ ಜೋಳ, ಅಕ್ಕಿ, ಹೆಸರುಬೇಳೆಗಳನ್ನು ಹದವಾಗಿ ಹುರಿದು ನುಣ್ಣಗೆ ಬೀಸಿಟ್ಟುಕೊಂಡರೆ, ಒಲೆಯ ಮೇಲೆ ಅರೆಗಳಿಗೆಯಲ್ಲಿ ಗಂಜಿಯಾಗುತ್ತದೆ. ಅದಕ್ಕೊಂದು ಚಮಚ ಎಣ್ಣೆ ಅಥವಾ ತುಪ್ಪ ಬಿದ್ದರೆ ಬಲ. ಬಿಡಿ ಶೇಂಗಾ ಕಾಳನ್ನು ಕೂಸಿನ ಕೈಗೆ ಕೊಡಬಾರದು, ಗಂಟಲಿಗೆ ಸಿಕ್ಕೀತು. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡುವ ಜೀವಾಣುಗಳು ಅದರಲ್ಲಿರುವ ಸಂಭವವಿದೆ. ಕೂಸು ಅಳದೆ ಮಲಗಲೆಂದು ಕೆಮ್ಮಿನ ಔಷಧಿಯನ್ನೋ ಮತ್ತಾವುದನ್ನೋ ಕುಡಿಸುವುದಂತೂ ಪ್ರಾಣದ ಮೇಲೆ ಬರುವ ಕೆಲಸ.

ಬಿಡಾರವನ್ನು ಹೂಡುವಾಗ ನೋಡಬೇಕಾದದ್ದು ನೆರಳು, ನೀರು, ನೆಲ ಎಂಬ ಮೂರನ್ನು. ಜೋಪಡಿ ಕಾಲುವೆಯ ಬಾಯಿಗಿಂತ ಎತ್ತರದಲ್ಲಿರಬೇಕು, ಕಬ್ಬಿನ ಸಾಲಿನಿಂದ ಸ್ವಲ್ಪ ದೂರವಿರಬೇಕು. ರವದಿಯ ರಾಶಿಯಲ್ಲಿ ಇಲಿ, ಇಲಿಯ ಹಿಂದೆ ಹಾವು ಬರುವುದು ರೂಢಿ. ಮಹಾರಾಷ್ಟ್ರದ ಜುನ್ನರದ ಕಡೆಯ ಕಬ್ಬಿನಲ್ಲಿ ಚಿರತೆಗಳೇ ಮನೆ ಮಾಡಿಕೊಂಡಿವೆ. ಆದುದರಿಂದ ಕೂಸನ್ನು ಬರಿನೆಲದ ಮೇಲೆ ಮಲಗಿಸದೆ, ಗಟ್ಟಿಯಾದ ಕೊಂಬೆಗೆ ಜೋಳಿಗೆ ಕಟ್ಟಿ ಮಲಗಿಸಿ, ಮೇಲೆ ಸೊಳ್ಳೆಪರದೆ ಹಾಕಬೇಕು. ಹತ್ತಿರದಲ್ಲಿ ಕಾಯುವವರೊಬ್ಬರು ಇರಬೇಕು. ನಿಂತಿರುವ ಟ್ರೇಲರಿನ ಅಡಿಯ ನೆರಳು ತಂಪಾಗಿ ಕಂಡರೂ ಅಲ್ಲಿ ಕೂಸನ್ನು ಮಲಗಿಸಕೂಡದು. ಚಾಲಕನಿಗೆ ಅದು ಕಾಣುವುದಿಲ್ಲ. ರವದಿಯ ಜೋಪಡಿಗೆ ಕಿಡಿಯೊಂದೇ ಸಾಕಾದುದರಿಂದ ಒಲೆಯನ್ನು ಹೊರಗೆ, ಗಾಳಿಯ ಕೆಳದಿಕ್ಕಿನಲ್ಲಿ ಹೂಡಬೇಕು. ಹೊಗೆ ತಪ್ಪಿದರೆ ಕೂಸಿನ ಎದೆಯೂ ಹಗುರಾಗಿರುತ್ತದೆ.

ಈ ಹಂಗಾಮು ಚಳಿಗಾಲದ್ದು ಎಂಬುದನ್ನೂ ಮರೆಯಲಾಗದು. ನೀರು ಹಾಯಿಸಿದ ಗದ್ದೆಯ ಬದಿಯಲ್ಲಿ ಮಾರ್ಗಶಿರ, ಪುಷ್ಯಗಳ ಚಳಿ ಕಡುವಾಗಿರುತ್ತದೆ. ಕುಂಚಿಗೆ, ಕಾಲುಚೀಲಗಳ ಜೊತೆಗೆ ಕೂಸಿಗೆ ಎಲ್ಲಕ್ಕಿಂತ ಒಳ್ಳೆಯ ಹೊದಿಕೆ ತಾಯಿಯ ಎದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ವೈದ್ಯರು, ತೂಕ ಕಡಿಮೆಯಿರುವ ಕೂಸುಗಳನ್ನು ತಾಯಿಯ ಬರಿಮೈಗೆ ಒತ್ತಿ ಕಟ್ಟಿಡುವ ಪದ್ಧತಿಯನ್ನು ಆರಂಭಿಸಿದರು. ಇಂದು ಜಗತ್ತಿನ ದೊಡ್ಡ ಆಸ್ಪತ್ರೆಗಳೂ ಅದನ್ನು ಒಪ್ಪಿವೆ. ನಮ್ಮ ತಾಯಂದಿರಿಗೆ ಸೆರಗಿನೊಳಗೆ ಕೂಸನ್ನು ಕಟ್ಟಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಬಿಡಾರದ ಬಾಳಿನಲ್ಲಿ ಕೂಸಿಗೆ ಬರುವ ದೊಡ್ಡ ಕಂಟಕವೆಂದರೆ ಭೇದಿ. ಇದಕ್ಕೆ ಮದ್ದು ಮತ್ತೊಂದು ಬಿಡಾರದಲ್ಲಿಯೇ ತನ್ನ ಬಲವನ್ನು ತೋರಿಸಿತೆಂಬುದು ಗಮನಿಸತಕ್ಕ ಸಂಗತಿ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರಾವಣ ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಸೋಡಾಗಳನ್ನು ನೀರಿನಲ್ಲಿ ಕದಡಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆಯಾಗಿ ಸಿಗುವ ಓಆರ್‌ಎಸ್ ಪೊಟ್ಟಣ ಅದೇ ಮದ್ದು. ಹೊರಡುವ ಮುನ್ನ ನಾಲ್ಕಾರು ಪೊಟ್ಟಣಗಳನ್ನೂ ಜಿಂಕ್ ಮಾತ್ರೆಗಳನ್ನೂ ಕೇಳಿ ಪಡೆದಿಟ್ಟುಕೊಳ್ಳಬೇಕು. ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಬೆರೆಸಬೇಕು, ಅರ್ಧರ್ಧ ಬೆರೆಸಬಾರದು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರಿನಷ್ಟನ್ನು ಚಮಚದಿಂದ ಮೆಲ್ಲಮೆಲ್ಲನೆ ಕುಡಿಸಬೇಕು. 24 ತಾಸು ಕಳೆದರೆ ಉಳಿದದ್ದನ್ನು ಚೆಲ್ಲಬೇಕು. ಪೊಟ್ಟಣವಿಲ್ಲದ ಕಡೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸೇರಿಸಿ ಕೊಡಬಹುದು. ಇದರ ಜೊತೆಗೆ ಎದೆಹಾಲು ನಡೆದೇ ಇರಬೇಕು.

ಆದರೆ ಮದ್ದಿನ ಮಿತಿಯನ್ನೂ ಅರಿತಿರಬೇಕು. ಕೂಸು ಮೊಲೆ ಹಿಡಿಯದಿದ್ದರೆ, ಕುಡಿದದ್ದನ್ನೆಲ್ಲ ಕಾರಿದರೆ, ಎಬ್ಬಿಸಿದರೂ ಕಣ್ಣು ತೆರೆಯದಿದ್ದರೆ, ಸೆಳೆತ ಬಂದರೆ, ಭೇದಿಯಲ್ಲಿ ರಕ್ತ ಕಂಡರೆ ಕ್ಷಣವೂ ತಡೆಯಬಾರದು. ಎರಡು ತಿಂಗಳೊಳಗಿನ ಕೂಸಿನ ಮೈ ಬಿಸಿಯಾಗುವುದೊಂದೇ ಆಸ್ಪತ್ರೆಗೆ ಹೋಗಲು ಸಾಕಾದ ಕಾರಣ. ಅಳದೆ ಸುಮ್ಮನಿರುವಾಗ ಎಣಿಸಿದ ಉಸಿರು ನಿಮಿಷಕ್ಕೆ ಎರಡು ತಿಂಗಳೊಳಗೆ 60, ವರ್ಷದೊಳಗೆ 50 ಮುಟ್ಟಿದರೆ ಅದು ನ್ಯುಮೋನಿಯಾದ ಸೂಚನೆ. 108 ಎಂಬ ಸಂಖ್ಯೆ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಆಂಬುಲೆನ್ಸನ್ನು ಕರೆಸುತ್ತದೆ. ಕರೆದಾಗ ಸ್ಥಳವನ್ನು ಹೇಳಲು ಬರಬೇಕಲ್ಲ! ಗದ್ದೆಯ ಒಡೆಯರ ಹೆಸರು, ಊರು, ಹತ್ತಿರದ ರಸ್ತೆ ಇವನ್ನು ಬಿಡಾರದ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡಿರುವುದು ಅವಶ್ಯ.

ಇಷ್ಟು ಹೇಳಿದ ಮೇಲೆ ಎಲ್ಲ ಹೊಣೆಯನ್ನು ತಾಯಿಯ ಹೆಗಲಿಗೇ ಹೊರಿಸಿದಂತಾಗಬಾರದು. ನಸುಕಿನಿಂದ ಕಬ್ಬು ಕಡಿದು, ಹೊರೆ ಹೊತ್ತು, ಅಡಿಗೆ ಮಾಡುವವಳಿಗೆ ನೀರು ಕುದಿಸು, ಉಸಿರು ಎಣಿಸು ಎಂದು ಹೇಳುವುದು ಸುಲಭ. ಗ್ಯಾಂಗಿನ ಎಲ್ಲ ಜೋಡಿಗಳೂ ತಮ್ಮ ಕೂಲಿಯಿಂದ ಸ್ವಲ್ಪಸ್ವಲ್ಪ ಕೂಡಿಸಿ ಹಿರಿಯ ಹೆಣ್ಣುಮಗಳೊಬ್ಬಳನ್ನು ಕೂಸುಗಳ ಪಾಲನೆಗೆಂದೇ ಬಿಡಾರದಲ್ಲಿ ಇರಿಸಬಹುದು. ಈ ಕೆಲಸವನ್ನು ಎಂಟು ಹತ್ತು ವರ್ಷದ ಅಕ್ಕನಿಗೆ ವಹಿಸಿದರೆ ಆಕೆಯ ಶಾಲೆಯೂ ಹೋಯಿತು, ಕೂಸಿನ ಕ್ಷೇಮವೂ ಹೋಯಿತು. ಮುಕಾದಮನು ಹಾಲೂಡಿಸಲು ತಾಯಂದಿರಿಗೆ ಬಿಡುವು ಕೊಡಬೇಕು. ಗದ್ದೆಯ ಒಡೆಯರು ಕುಡಿಯುವ ನೀರನ್ನೂ ನೆರಳಿನ ಚಪ್ಪರವನ್ನೂ ಒದಗಿಸಬೇಕು.

ಈ ಕಡೆಯ ಮಾತು ದೂರದ ಊರಿನವರಿಗೆ ಮಾತ್ರ ಹೇಳಿದ್ದಲ್ಲ. ತುಬಚಿ-ಬಬಲೇಶ್ವರ ಮೊದಲಾದ ಏತ ನೀರಾವರಿ ಯೋಜನೆಗಳಿಂದ ಟಿಕೋಟಾ, ಬಬಲೇಶ್ವರದ ಬೆಂಗಾಡಿಗೂ ಕೃಷ್ಣೆಯ ನೀರು ಬಂದಿದೆ. ಬರದ ಹೆಸರು ಹೊತ್ತಿದ್ದ ನೆಲದಲ್ಲಿ ದ್ರಾಕ್ಷಿಯ ಜೊತೆಗೆ ಕಬ್ಬೂ ನಿಂತಿದೆ. ನಮ್ಮ ಊರಿನ ತಾಯಂದಿರು ಕೂಸನ್ನೆತ್ತಿಕೊಂಡು ಬೇರೆಯವರ ಗದ್ದೆಗೆ ಹೋಗುವಂತೆಯೇ, ಬೇರೆ ಊರಿನ ತಾಯಂದಿರು ನಮ್ಮ ಗದ್ದೆಗಳಿಗೂ ಬರುತ್ತಾರೆ. ಹೋದಲ್ಲಿ ನಮ್ಮ ಕೂಸಿಗೆ ಏನು ದೊರೆಯಬೇಕೆಂದು ಬಯಸುತ್ತೇವೋ ಅದನ್ನು ನಮ್ಮ ಬದುವಿನ ಮೇಲೆ ತೊಟ್ಟಿಲು ಕಟ್ಟಿದ ಕೂಸಿಗೆ ಕೊಡುವುದರಿಂದ ಆರಂಭಿಸೋಣ. ಒಂದು ಕೊಡ ಶುದ್ಧ ನೀರು, ಹತ್ತು ಮೊಳ ನೆರಳು, ಆಸ್ಪತ್ರೆಗೆ ಹೋಗಬೇಕಾದಾಗ ಮನೆಯ ಗಾಡಿ: ಇಷ್ಟನ್ನು ಕೊಡಲಾರದಷ್ಟು ಬಡತನ ನೀರು ಕಂಡ ಯಾವ ಊರಿಗೂ ಇಲ್ಲ.