ಕಾರಿನ ಹವಾನಿಯಂತ್ರಕ: ನಿಲ್ಲುವುದೇಕೆ, ಓಡುವುದೇಕೆ?

ಕಾರಿನ ಹವಾನಿಯಂತ್ರಕದ ಕಂಪ್ರೆಸರ್ ಆಗಾಗ ನಿಂತು ಮತ್ತೆ ಓಡುವುದನ್ನು ಯಾವಾಗಲೂ ದೋಷವೆಂದು ಭಾವಿಸಬೇಕಾಗಿಲ್ಲ. 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಿಗೆ ಅಳವಡಿಸಿದ ತಂಪುಯಂತ್ರಕ್ಕೆ ಕ್ಲಚ್ಚು ಇರಲಿಲ್ಲ; ಅದನ್ನು ನಿಲ್ಲಿಸಲು ಬೆಲ್ಟನ್ನೇ ಕಳಚಬೇಕಾಗಿತ್ತು. ಈಗ ಅನೇಕ ಕಾರುಗಳಲ್ಲಿ, ಒಳಗಿನ ತಂಪು ಸುರುಳಿಯು 0 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕಿಳಿದಾಗ, ಅದರ ಮೇಲೆ ಹಿಮಗಟ್ಟದಂತೆ ವಿದ್ಯುತ್ಕಾಂತದ ಕ್ಲಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ.

ಆದರೆ ಕೆಲವೇ ಸೆಕೆಂಡುಗಳಿಗೊಮ್ಮೆ ಹೀಗಾಗಿ, ಗಾಳಿಯೂ ತಂಪಾಗದಿದ್ದರೆ ಕಾರಣವನ್ನು ಅರಸಬೇಕು. ಸಾಮಾನ್ಯವಾಗಿ ಅದು ಅನಿಲದ ಕೊರತೆ. ಕಂಪ್ರೆಸರ್ ಓಡಿದೊಡನೆ ಹೀರುವ ಬದಿಯ ಒತ್ತಡ ಕುಸಿಯುತ್ತದೆ. ಒತ್ತಡದ ಸ್ವಿಚ್ಚು ಅದನ್ನು ನಿಲ್ಲಿಸಿ, ಒತ್ತಡ ಏರಿದೊಡನೆ ಮತ್ತೆ ಓಡಿಸುತ್ತದೆ. ಮುಂಭಾಗದ ಕಂಡೆನ್ಸರಿಗೆ ಧೂಳು ಮೆತ್ತಿದ್ದರೆ, ಫ್ಯಾನು ತಿರುಗದಿದ್ದರೆ ಅಥವಾ ಅನಿಲ ಮಿತಿಮೀರಿದ್ದರೆ, ಒತ್ತಡ ಅತಿಯಾಗಿ ಏರಿಯೂ ಯಂತ್ರ ನಿಲ್ಲುವುದುಂಟು. ಆದುದರಿಂದ ಮೊದಲು ಕಂಡೆನ್ಸರ್ ಮತ್ತು ಫ್ಯಾನು, ಅನಂತರ ಎರಡೂ ಬದಿಯ ಒತ್ತಡ, ಕೊನೆಗೆ ಸ್ವಿಚ್ಚು ಹಾಗೂ ತಂತಿಗಳನ್ನು ಪರೀಕ್ಷಿಸುವುದು ಯೋಗ್ಯ.

ಸ್ವಿಚ್ಚನ್ನು ತಪ್ಪಿಸಿ ನೇರವಾಗಿ ತಂತಿ ಜೋಡಿಸುವುದು ಅಪಾಯಕರ. ಕಂಪ್ರೆಸರಿಗೆ ಬೇಕಾದ ಎಣ್ಣೆಯು ಅನಿಲದೊಡನೆಯೇ ಸಂಚರಿಸುತ್ತದೆ. ಅನಿಲ ಕಡಿಮೆಯಾದರೆ ಎಣ್ಣೆಯೂ ಸಾಲದೆ ಯಂತ್ರ ಸವೆದುಹೋಗುತ್ತದೆ. ಸೋರಿಕೆಯನ್ನು ಮುಚ್ಚದೆ ಮತ್ತೆ ಮತ್ತೆ ಅನಿಲ ತುಂಬುವುದೂ ಸಲ್ಲದು. ಕಾರುಗಳಲ್ಲಿ ಬಹುವಾಗಿ ಬಳಕೆಯಾಗಿರುವ ಆರ್-134ಎ ಅನಿಲವು, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಬಿಸಿಮಾಡಬಲ್ಲದು. ಸೋರಿಕೆಯ ಮೂಲವನ್ನು ಕಂಡು ಸರಿಪಡಿಸುವುದು ಮಿತವ್ಯಯವೂ ಹೌದು, ಲೋಕಹಿತವೂ ಹೌದು.