ಮುಖಕ್ಕೆ ಹಚ್ಚುವ ಮುನ್ನ

ನಾಟಕದ ಊರೆಂದು ಹೆಸರಾದ ಗುಬ್ಬಿಯನ್ನು ನೆನೆದು ಈ ಮಾತನ್ನು ಆರಂಭಿಸೋಣ. 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಯು ಮುಂದೆ ಅನೇಕ ದಶಕಗಳ ಕಾಲ ಕನ್ನಡ ನಾಡನ್ನೆಲ್ಲ ಸುತ್ತಿ ಜನರನ್ನು ರಂಜಿಸಿತು. ವೃತ್ತಿನಟರು ಬಣ್ಣ ಹಚ್ಚಿಕೊಂಡು ರಾಜರಾಗುತ್ತಿದ್ದರು, ರಾಕ್ಷಸರಾಗುತ್ತಿದ್ದರು; ಪರದೆ ಬಿದ್ದ ಮೇಲೆ ಕೊಬ್ಬರಿ ಎಣ್ಣೆ ಸವರಿ ಆ ಬಣ್ಣವನ್ನು ಒರಸಿ ತೆಗೆದು ಮಲಗುತ್ತಿದ್ದರು. ಬಣ್ಣವು ಒಂದು ರಾತ್ರಿಯ ಅತಿಥಿ, ಚರ್ಮವು ಜನ್ಮದ ಒಡನಾಡಿ ಎಂಬ ವಿವೇಕ ಆ ಅಭ್ಯಾಸದಲ್ಲಿ ಅಡಗಿತ್ತು. ನಟರಲ್ಲದ ನಾವಾದರೋ ಹಗಲಿರುಳೆನ್ನದೆ ಮುಖಕ್ಕೆ ಏನನ್ನಾದರೂ ಹಚ್ಚುತ್ತಲೇ ಇರುತ್ತೇವೆ. ಅವುಗಳಲ್ಲಿ ಹಿತವಾದುದಾವುದು, ಅಹಿತವಾದುದಾವುದು ಎಂಬುದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದವಳು ನಮ್ಮ ವಿದ್ಯಾರ್ಥಿನಿಯೊಬ್ಬಳು. ಆಕೆ ಕುಣಿಗಲ್ ಕಡೆಯ ಹಳ್ಳಿಯಿಂದ ಪ್ರತಿದಿನವೂ ಬಸ್ಸಿನಲ್ಲಿ ತುಮಕೂರಿನ ಕಾಲೇಜಿಗೆ ಬರುತ್ತಿದ್ದಳು. ಒಮ್ಮೆ ಕೆಲವು ವಾರಗಳಿಂದ ಆಕೆ ಸೆರಗನ್ನು ಮುಖಕ್ಕೆ ಮರೆಮಾಡಿ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುವುದನ್ನು ಕಂಡು ವಿಚಾರಿಸಿದೆವು. ಮುಖವೆಲ್ಲ ಕೆಂಪಾಗಿ ಸಣ್ಣ ಗುಳ್ಳೆಗಳೆದ್ದಿದ್ದವು. ನಾವು ಅದನ್ನು ಪ್ರಾಯದ ಮೊಡವೆಯೆಂದು ಭಾವಿಸಿ, ದಿನಕ್ಕೆ ಎರಡು ಬಾರಿ ಸೋಪಿನಿಂದ ತೊಳೆಯುವಂತೆ ಹೇಳಿ ಕಳುಹಿಸಿದೆವು. ರಸಾಯನಶಾಸ್ತ್ರವನ್ನು ಬೋಧಿಸುವ ನಾವು ಹಾಗೆ ಹೇಳಿದ್ದು ಎಂಥ ತಪ್ಪೆಂಬುದು ಆಮೇಲೆ ತಿಳಿಯಿತು. ಆ ತಪ್ಪು ಅರ್ಥವಾಗಬೇಕಾದರೆ ಚರ್ಮದ ರಚನೆಯನ್ನು ಸ್ವಲ್ಪಮಟ್ಟಿಗೆ ತಿಳಿಯಬೇಕು.

ಚರ್ಮದ ಅತ್ಯಂತ ಹೊರಗಿನ ಪದರವು ಬರಿಯ ಕಾಗದದಷ್ಟೂ ದಪ್ಪವಿಲ್ಲ. ಮುಖದಲ್ಲಂತೂ ಅದು ಒಂದು ಮಿಲಿಮೀಟರಿನ ನೂರರ ಒಂದು ಭಾಗದಷ್ಟು ಮಾತ್ರ. ಅದನ್ನು ಒಂದು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು: ಜೀವಕಣಗಳೇ ಇಟ್ಟಿಗೆ, ಅವುಗಳ ನಡುವಣ ಜಿಡ್ಡೇ ಗಾರೆ. ಒಳಗಿನ ನೀರು ಆರಿಹೋಗದಂತೆಯೂ ಹೊರಗಿನ ವಿಷವು ನುಗ್ಗದಂತೆಯೂ ಕಾಯುವುದು ಈ ಗೋಡೆಯೇ. ಸುಮಾರು ನಾಲ್ಕು ವಾರಗಳಿಗೊಮ್ಮೆ ಹಳೆಯ ಕಣಗಳು ಉದುರಿ ಹೊಸವು ಮೇಲಕ್ಕೆ ಬರುತ್ತವೆ. ಆದುದರಿಂದ, ಚರ್ಮಕ್ಕೆ ಹಚ್ಚುವ ಪದಾರ್ಥವು ಈ ಗೋಡೆಯನ್ನು ಉಳಿಸುತ್ತದೆಯೋ ಕೆಡಹುತ್ತದೆಯೋ ಎಂಬುದೇ ನಾವು ಕೇಳಬೇಕಾದ ಮೊದಲನೆಯ ಪ್ರಶ್ನೆ.

ಸೋಪನ್ನೇ ಮೊದಲು ತೆಗೆದುಕೊಳ್ಳೋಣ. ನಮ್ಮ ನಾಡಿಗೂ ಸೋಪಿಗೂ ಹಳೆಯ ನಂಟು. ಮೈಸೂರು ಸಂಸ್ಥಾನದ ಸರ್ಕಾರವು 1916ರಲ್ಲಿಯೇ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆಯನ್ನು ತೆರೆಯಿತು. ಸೋಪು ಕೊಳೆಯನ್ನೂ ಜಿಡ್ಡನ್ನೂ ತೆಗೆಯುತ್ತದೆ. ಆದರೆ ಕೊಳೆಯ ಜಿಡ್ಡು ಯಾವುದು, ಗೋಡೆಯ ಗಾರೆ ಯಾವುದು ಎಂಬ ಭೇದವನ್ನು ಅದು ಅರಿಯದು. ಮೇಲಾಗಿ, ಆರೋಗ್ಯವಂತ ಚರ್ಮವು ಸ್ವಲ್ಪ ಆಮ್ಲಗುಣವುಳ್ಳದ್ದು, ಸೋಪಾದರೋ ಕ್ಷಾರಗುಣವುಳ್ಳದ್ದು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡುಸುನೀರಿನಲ್ಲಿರುವ ಸುಣ್ಣದ ಅಂಶದೊಡನೆ ಸೋಪು ಕೂಡಿದರೆ ನೊರೆಯ ಬದಲು ಬಿಳಿಯ ಗಷ್ಟು ಹುಟ್ಟುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಆ ಗಷ್ಟೇ ಮೈಗೂ ಅಂಟಿ ತುರಿಕೆಯನ್ನುಂಟುಮಾಡುತ್ತದೆ. ಮೊದಲೇ ಗೋಡೆ ಬಿರುಕುಬಿಟ್ಟಿದ್ದ ಆ ಹುಡುಗಿಯ ಮುಖಕ್ಕೆ ನಾವು ಹೇಳಿದ ಸೋಪು ಗಾಯದ ಮೇಲೆ ಬರೆಯಿಟ್ಟಂತಾಯಿತು.

ಸೋಪನ್ನು ಬಿಡಬೇಕೆಂಬುದು ನಮ್ಮ ಮಾತಿನ ಅರ್ಥವಲ್ಲ. ಆರಿಸಿ ಮಿತವಾಗಿ ಬಳಸಬೇಕು. ಸೋಪಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂಬ ಮೂರು ಅಕ್ಷರಗಳಿರುತ್ತವೆ. ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶವನ್ನು ಅದು ತಿಳಿಸುತ್ತದೆ. ಭಾರತೀಯ ಮಾನಕದಂತೆ ಮೊದಲನೆಯ ದರ್ಜೆಯ ಸೋಪಿನಲ್ಲಿ ಅದು ಶೇಕಡ 76ಕ್ಕೆ ಕಡಮೆಯಿರಬಾರದು. ಅಂಕಿ ಹೆಚ್ಚಿದಷ್ಟೂ ಸೋಪಿನಲ್ಲಿ ಬೆರಕೆಯ ಭಾಗ ಕಡಮೆಯೆಂದು ತಿಳಿಯಬಹುದು. ಒಣಚರ್ಮದವರು ಮುಖಕ್ಕೆ ಕ್ಷಾರವಿಲ್ಲದ ಮೃದುವಾದ ತೊಳೆಪದಾರ್ಥವನ್ನು ಬಳಸುವುದು ಇನ್ನೂ ಮೇಲು.

ಸ್ನಾನವಾದೊಡನೆ ಮೈ ಇನ್ನೂ ತೇವವಿರುವಾಗ ಎಣ್ಣೆಯನ್ನೋ ಸುಗಂಧವಿಲ್ಲದ ಲೇಪವನ್ನೋ ಸವರಿದರೆ ಒಳಗಿನ ನೀರು ಆರುವುದಿಲ್ಲ. ಗುಬ್ಬಿ, ತಿಪಟೂರುಗಳ ತೆಂಗಿನ ಎಣ್ಣೆ ಒಣಗಿದ ಕೈಕಾಲುಗಳಿಗೆ ಒಳ್ಳೆಯದೇ. ಆದರೆ ಮೊಡವೆಯುಳ್ಳ ಮುಖಕ್ಕೆ ಅದು ತಕ್ಕುದಲ್ಲ, ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮನೆಯಲ್ಲಿರುವುದೆಲ್ಲವೂ ನಿರಪಾಯವೆಂದೂ ಬಗೆಯಬಾರದು. ನಿಂಬೆಯ ರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದವರ ಚರ್ಮ ಸುಟ್ಟು ಕಪ್ಪು ಕಲೆ ಬೀಳುವುದುಂಟು. ಹಣೆಗೆ ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಕೆಲವರ ಹಣೆಯಲ್ಲಿ ಬಿಳಿಯ ಮಚ್ಚೆ ಮೂಡುತ್ತದೆ. ಆದುದರಿಂದ ಹೊಸದಾವುದನ್ನೇ ಆಗಲಿ ಮೊದಲು ಮೊಳಕೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ, ತುರಿಕೆಯಾಗಲಿ ಕೆಂಪಾಗಲಿ ಕಾಣದಿದ್ದರೆ ಮಾತ್ರ ಮುಖಕ್ಕೆ ಹಚ್ಚತಕ್ಕದ್ದು.

ಈವರೆಗೆ ಹೇಳಿದವು ಸಣ್ಣ ಕೇಡುಗಳು. ದೊಡ್ಡ ಕೇಡು ಬರುವುದು ಬೆಳ್ಳಗಾಗುವ ಆಸೆಯಿಂದ. ಚರ್ಮದ ಕಪ್ಪಿಗೆ ಕಾರಣವಾದ ಮೆಲನಿನ್ ಎಂಬ ವರ್ಣದ್ರವ್ಯವು ನಮ್ಮ ಬಿಸಿಲಿಗೆ ಪ್ರಕೃತಿಯೇ ಹಿಡಿದ ಕೊಡೆ, ಅದು ರೋಗವಲ್ಲ. ಆ ಕೊಡೆಯನ್ನು ಕೆಲವೇ ವಾರಗಳಲ್ಲಿ ಮಡಿಸಿಬಿಡುತ್ತೇವೆಂದು ಹೇಳುವ ಲೇಪಗಳಲ್ಲಿ ಎರಡು ಪದಾರ್ಥಗಳನ್ನು ಶಂಕಿಸಬೇಕು.

ಮೊದಲನೆಯದು ಪಾದರಸ. ಅದು ಮೆಲನಿನ್ನಿನ ಉತ್ಪತ್ತಿಯನ್ನು ತಡೆಯುತ್ತದೆ. ಜೊತೆಗೆ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. 2021ರಿಂದ 2023ರವರೆಗೆ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನಲ್ಲಿ ಒಂದು ಬಗೆಯ ಮೂತ್ರಪಿಂಡರೋಗದ 22 ಮಂದಿಯನ್ನು ವೈದ್ಯರು ಪರಿಶೀಲಿಸಿದರು. ಅವರಲ್ಲಿ 15 ಮಂದಿಯ ರೋಗ ಅಪರೂಪದ ಒಂದೇ ತೆರನಾಗಿತ್ತು. ಆ ಹದಿನೈವರಲ್ಲಿ 13 ಮಂದಿ ಮೈಬಣ್ಣ ಬೆಳ್ಳಗಾಗಿಸುವ ಕ್ರೀಮುಗಳನ್ನು ಬಳಸಿದವರು. ನಮ್ಮ ದೇಶದ 2020ರ ಸೌಂದರ್ಯಸಾಧನ ನಿಯಮಗಳಂತೆ ಮುಖದ ಲೇಪದಲ್ಲಿ ಪಾದರಸವು ಅರಿಯದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಕೂಡದು. ಕಳ್ಳದಾರಿಯಲ್ಲಿ ಬರುವ ಡಬ್ಬಿಗಳಿಗೆ ಈ ಕಟ್ಟಳೆ ಎಲ್ಲಿಯದು? ತಯಾರಕನ ವಿಳಾಸ, ಲೈಸೆನ್ಸ್ ಸಂಖ್ಯೆ, ಪದಾರ್ಥಗಳ ಪಟ್ಟಿ ಇವುಗಳಿಲ್ಲದ ಡಬ್ಬಿಯನ್ನು ಮುಟ್ಟದಿರುವುದೇ ಲೇಸು.

ಎರಡನೆಯದು ಸ್ಟೆರಾಯ್ಡ್. ಇದು ತಕ್ಕ ರೋಗಕ್ಕೆ, ತಕ್ಕ ಕಾಲದವರೆಗೆ, ವೈದ್ಯರ ಕೈಯಲ್ಲಿ ಉತ್ತಮ ಔಷಧ. ಆದರೆ ಇದನ್ನು ಮುಖದ ಕ್ರೀಮಿನಂತೆ ಹಚ್ಚಿದವರಿಗೆ ಮೊದಲ ಕೆಲವು ವಾರಗಳಲ್ಲಿ ಬಣ್ಣ ತಿಳಿಯಾಗಿ ಹರ್ಷವಾಗುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಗುಳ್ಳೆಗಳೇಳುತ್ತವೆ, ಕೂದಲು ಬೆಳೆಯುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ಉರಿಯನ್ನು ತಾಳಲಾರದೆ ಮತ್ತೆ ಹಚ್ಚುತ್ತಾರೆ. ಹುಳುಕಡ್ಡಿಗೆ ಇದನ್ನು ಹಚ್ಚಿದರೆ ತುರಿಕೆ ತಗ್ಗಿದಂತೆ ತೋರಿ ರೋಗವು ಇನ್ನಷ್ಟು ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಟ್ಯೂಬಿನ ಮೇಲಿನ ಕೆಂಪುಗೆರೆಯೇ ಅದರ ಗುರುತು. ಬೆಟಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಎಂಬ ಹೆಸರುಗಳನ್ನು ಕಂಡರೆ ಅದು ಕ್ರೀಮಲ್ಲ, ಔಷಧವೆಂದು ತಿಳಿಯಬೇಕು.

ಇನ್ನು ನಮ್ಮ ವಿದ್ಯಾರ್ಥಿನಿಯ ವಿಷಯ. ಒಂದು ವಾರದ ಮೇಲೆ ಆಕೆಯ ತಾಯಿ ಕಾಲೇಜಿಗೆ ಬಂದರು. ಹೆಣ್ಣು ನೋಡಲು ಬರುವವರಿಗೆ ಮಗಳು ಬೆಳ್ಳಗೆ ಕಾಣಲೆಂದು ನೆಂಟರೊಬ್ಬರ ಮಾತು ಕೇಳಿ ಔಷಧದ ಅಂಗಡಿಯಿಂದ ಮುಲಾಮು ತರಿಸಿ ಹಚ್ಚಿಸಿದ್ದರಂತೆ. ಸೆರಗಿನ ಗಂಟಿನಿಂದ ಅದನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟು, “ಇದರಲ್ಲಿ ಏನು ಬರೆದವ್ರೆ, ಒಸಿ ಓದಿ ಹೇಳಿ ಮೇಷ್ಟ್ರೇ” ಎಂದರು. ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸ್ಟೆರಾಯ್ಡಿನ ಹೆಸರು ಇತ್ತು. ಪಕ್ಕದಲ್ಲಿ ಕೆಂಪುಗೆರೆಯೂ ಇತ್ತು. ಮೊದಲ ದಿನವೇ ಹುಡುಗಿಯನ್ನು, ಏನು ಹಚ್ಚಿದೆಯಮ್ಮ ಎಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು, ನಾವು ಕೇಳಿರಲಿಲ್ಲ. ಆ ದಿನವೇ ತಾಯಿ ಮಗಳಿಬ್ಬರನ್ನೂ ಚರ್ಮವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಮುಲಾಮನ್ನು ಕ್ರಮವಾಗಿ ಬಿಡಿಸಿ, ಮೃದುವಾದ ಲೇಪವನ್ನೂ, ಬಿಸಿಲಿಗೆ 30ರ ಎಸ್.ಪಿ.ಎಫ್. ಉಳ್ಳ ರಕ್ಷಣಾಲೇಪವನ್ನೂ ಮಾತ್ರ ಹೇಳಿದರು. ಉರಿ ಅಡಗಲು ತಿಂಗಳುಗಳೇ ಬೇಕಾದವು. ಹುಡುಗಿ ಮುಂದಿನ ಬೆಂಚಿಗೆ ಮರಳಿದಳು. ಆಕೆಯ ಬಣ್ಣ ಮೊದಲಿನದೇ.

ತೊಳೆಯಲು ಮೃದುವಾದುದೊಂದು, ತೇವ ಉಳಿಸಲು ಒಂದು, ಬಿಸಿಲಿಗೆ ಒಂದು: ಆರೋಗ್ಯವಂತ ಚರ್ಮಕ್ಕೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚಿನದನ್ನು ಯಾರು ಮಾರಲು ಬಂದರೂ ಡಬ್ಬಿಯನ್ನು ತಿರುಗಿಸಿ ಓದಿರಿ. ಇಂಗ್ಲಿಷ್ ಓದಬಲ್ಲವರು ಬಾರದ ನೆರೆಹೊರೆಯವರಿಗೂ ಓದಿ ಹೇಳಿರಿ. ಆ ತಾಯಿಗೆ ಅಂಗಡಿಯಲ್ಲಿಯೇ ಒಬ್ಬರು ಓದಿ ಹೇಳಿದ್ದರೆ ಆ ಮುಲಾಮು ಮನೆಗೇ ಬರುತ್ತಿರಲಿಲ್ಲ.