ನಡಾವಳಿಯಿಂದ ಪಾದರಕ್ಷೆಯವರೆಗೆ: ಹೊಲೊಕಾಸ್ಟ್ ಸ್ಮಾರಕಗಳ ಅಧ್ಯಯನ ಪ್ರವಾಸ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಜರ್ಮನಿಯೂ ಅದರೊಡನೆ ಕೈಜೋಡಿಸಿದವರೂ ಸೇರಿ ಯುರೋಪಿನ ಸುಮಾರು 60 ಲಕ್ಷ ಯೆಹೂದಿಗಳನ್ನು ಕೊಂದ ಹತ್ಯಾಕಾಂಡಕ್ಕೆ ಹೊಲೊಕಾಸ್ಟ್ ಎಂಬ ಹೆಸರು ನಿಂತಿದೆ. ಆ ಕೃತ್ಯದ ಬಗ್ಗೆ ಅಧಿಕಾರಿಗಳು ಸಭೆ ಸೇರಿದ ಕಟ್ಟಡ, ಜನರನ್ನು ರೈಲಿಗೆ ತುಂಬಿದ ನಿಲ್ದಾಣ, ಕೊಂದ ಶಿಬಿರ ಇವೆಲ್ಲ ಇಂದು ಸ್ಮಾರಕಗಳಾಗಿ ಉಳಿದಿದ್ದು, ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು ಸ್ಥಳದಲ್ಲೇ ದಾಖಲೆಗಳನ್ನು ಓದಿಸುವ ಅಧ್ಯಯನ ಪ್ರವಾಸವು ಹಲವು ದೇಶಗಳ ಇತಿಹಾಸ ಶಿಕ್ಷಣದಲ್ಲಿ ಬೇರೂರಿದೆ. ಬ್ರಿಟನ್ನಿನ ಹೊಲೊಕಾಸ್ಟ್ ಎಜುಕೇಷನಲ್ ಟ್ರಸ್ಟ್ 1999ರಿಂದ ನಡೆಸುತ್ತಿರುವ ಕಾರ್ಯಕ್ರಮ ಇದಕ್ಕೊಂದು ನಿದರ್ಶನ. ವಿದ್ಯಾರ್ಥಿಗಳು ಪೋಲೆಂಡಿನ ಆಶ್ವಿತ್ಸ್ ಶಿಬಿರವನ್ನು ಒಂದೇ ದಿನದಲ್ಲಿ ನೋಡಿ ಬರುತ್ತಾರಾದರೂ, ಅದಕ್ಕೆ ಮೊದಲೂ ನಂತರವೂ ವಿಚಾರಗೋಷ್ಠಿಗಳಲ್ಲಿ ಭಾಗವಹಿಸುತ್ತಾರೆ. ಈ ಪೂರ್ವಸಿದ್ಧತೆ ಅತ್ಯಗತ್ಯವೇ ಸರಿ. ಆದರೂ ಕಾಲಾವಕಾಶ ಇರುವವರು ಕೊಲೆಯ ಸ್ಥಳದಿಂದ ಆರಂಭಿಸದೆ ಬರ್ಲಿನ್‌ನಿಂದ ಹೊರಟು, ಪ್ರಾಗ್ ಮಾರ್ಗವಾಗಿ ಆಶ್ವಿತ್ಸ್ ತಲುಪುವುದು ಮೇಲು; ಏಕೆಂದರೆ ಹತ್ಯೆಯ ಹಿಂದೆ ಇದ್ದ ಕಚೇರಿಯ ಕೆಲಸವನ್ನು ಅರಿಯದವರಿಗೆ ಶಿಬಿರವು ಎಲ್ಲಿಂದಲೋ ಬಂದೆರಗಿದ ವಿಪತ್ತಿನಂತೆ ತೋರುವ ಅಪಾಯವಿದೆ.

ಬರ್ಲಿನ್ನಿನ ಅಂಚಿನಲ್ಲಿ, ವಾನ್ಸೆ ಸರೋವರದ ದಡದ ಬಂಗಲೆಯೊಂದರಲ್ಲಿ 1942ರ ಜನವರಿ 20ರಂದು ಹದಿನೈದು ಅಧಿಕಾರಿಗಳು ನಾಜಿ ಭದ್ರತಾ ಇಲಾಖೆಯ ಮುಖ್ಯಸ್ಥ ರೈನ್‌ಹಾರ್ಡ್ ಹೈಡ್ರಿಶ್‌ನ ಅಧ್ಯಕ್ಷತೆಯಲ್ಲಿ ಸಭೆ ಸೇರಿದ್ದರು. ಕೊಲ್ಲುವ ತೀರ್ಮಾನ ಅಂದು ಆಯಿತೆಂಬುದು ಜನಜನಿತವಾದ ತಪ್ಪು ತಿಳಿವಳಿಕೆ. ಸೋವಿಯತ್ ನೆಲದಲ್ಲಿ ಗುಂಡಿಕ್ಕಿ ಕೊಲ್ಲುವ ಸಾಮೂಹಿಕ ಹತ್ಯೆ 1941ರ ಬೇಸಿಗೆಯಲ್ಲೇ ತೊಡಗಿತ್ತು. ನಡೆಯುತ್ತಿದ್ದುದನ್ನು ಯುರೋಪಿನಾದ್ಯಂತ ವಿಸ್ತರಿಸಲು ವಿವಿಧ ಇಲಾಖೆಗಳ ನಡುವೆ ಹೊಂದಾಣಿಕೆ ತರುವುದೇ ಸಭೆಯ ಕಾರ್ಯಸೂಚಿಯಾಗಿತ್ತು. ಅದರ ನಡಾವಳಿಯ ಮೂವತ್ತು ಪ್ರತಿಗಳಲ್ಲಿ ಹದಿನಾರನೆಯದು ಮಾತ್ರ 1947ರಲ್ಲಿ ವಿದೇಶಾಂಗ ಕಚೇರಿಯ ಕಡತಗಳಲ್ಲಿ ದೊರೆಯಿತು. ಅದರಲ್ಲಿ ದೇಶವಾರು ಯೆಹೂದಿಗಳ ಸಂಖ್ಯೆಯನ್ನು ಪಟ್ಟಿ ಮಾಡಿ, ಕೊನೆಗೆ 1 ಕೋಟಿ 10 ಲಕ್ಷಕ್ಕೂ ಮೀರಿದ ಮೊತ್ತವನ್ನು ಕೂಡಿ ಬರೆಯಲಾಗಿದೆ. ಕೊಲೆ ಎಂದು ನೇರವಾಗಿ ಹೇಳಬೇಕಾದೆಡೆ ಸ್ಥಳಾಂತರ ಎಂಬಂತಹ ಆಡಳಿತದ ಮಾತುಗಳಿವೆ. 1992ರಲ್ಲಿ ಸ್ಮಾರಕವಾಗಿ ತೆರೆದ ಈ ಬಂಗಲೆಯಲ್ಲಿ ವೃತ್ತಿವಾರು ಅಧ್ಯಯನ ಗೋಷ್ಠಿಗಳೂ ನಡೆಯುತ್ತವೆ. ಆಡಳಿತಗಾರರು, ವೈದ್ಯರು, ನ್ಯಾಯಾಂಗದವರು ತಮ್ಮ ತಮ್ಮ ವೃತ್ತಿ ಆ ಕಾಲದಲ್ಲಿ ಏನು ಮಾಡಿತೆಂಬುದನ್ನು ಇಲ್ಲಿ ಪರಿಶೀಲಿಸುತ್ತಾರೆ. ಇಡೀ ಪ್ರವಾಸದಲ್ಲಿ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತವಾದ ಪಾಠ ಬೇರೊಂದಿಲ್ಲವೆನ್ನಬಹುದು.

ಅದೇ ನಗರದ ಗ್ರೂನೆವಾಲ್ಡ್ ನಿಲ್ದಾಣದ 17ನೆಯ ಹಳಿಯ ಅಂಚಿಗೆ 186 ಉಕ್ಕಿನ ಫಲಕಗಳನ್ನು ಜೋಡಿಸಲಾಗಿದ್ದು, ಒಂದೊಂದರಲ್ಲೂ ರೈಲು ಹೊರಟ ದಿನಾಂಕ, ಸಾಗಿಸಿದ ಯೆಹೂದಿಗಳ ಸಂಖ್ಯೆ, ತಲುಪಬೇಕಾದ ಸ್ಥಳ ಇಷ್ಟೇ ಇವೆ. ನಗರದ ನಡುಭಾಗದಲ್ಲಿ ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ರೂಪಿಸಿದ, 2,711 ಕಾಂಕ್ರೀಟ್ ಕಂಬಗಳ ಸ್ಮಾರಕ 2005ರಲ್ಲಿ ತೆರೆದುಕೊಂಡಿತು. ಕಂಬಗಳ ಮೇಲೆ ಒಂದಕ್ಷರವೂ ಇಲ್ಲದ್ದರಿಂದ ಅದರ ಅಡಿಯಲ್ಲಿರುವ ಮಾಹಿತಿ ಕೇಂದ್ರಕ್ಕೆ ಇಳಿಯದೆ ಹಿಂದಿರುಗಿದವರ ಭೇಟಿ ಅರ್ಧಕ್ಕೇ ನಿಂತಂತೆ. ಇದಕ್ಕೆ ತೀರ ಭಿನ್ನವಾದದ್ದು ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಆರಂಭಿಸಿದ ಸ್ಟೋಲ್ಪರ್‌ಸ್ಟೈನ್, ಅಂದರೆ ಎಡವುಗಲ್ಲುಗಳ ಯೋಜನೆ. ಹತ್ತು ಸೆಂಟಿಮೀಟರ್ ಅಗಲದ ಕಾಂಕ್ರೀಟ್ ಘನಕ್ಕೆ ಹಿತ್ತಾಳೆಯ ತಗಡನ್ನು ಹೊದಿಸಿ, ಅದರ ಮೇಲೆ ನಾಜಿಗಳಿಗೆ ಬಲಿಯಾದ ವ್ಯಕ್ತಿಯ ಹೆಸರು, ಹುಟ್ಟಿದ ವರ್ಷ, ಬಂಧನ ಮತ್ತು ಸಾವಿನ ವಿವರಗಳನ್ನು ಅಚ್ಚುಮೊಳೆ, ಸುತ್ತಿಗೆಗಳಿಂದ ಒಂದೊಂದಕ್ಷರವಾಗಿ ಕೈಯಲ್ಲೇ ಒತ್ತಿ, ಆ ವ್ಯಕ್ತಿ ಸ್ವಇಚ್ಛೆಯಿಂದ ವಾಸವಿದ್ದ ಕೊನೆಯ ಮನೆಯ ಮುಂದಿನ ಕಾಲುದಾರಿಯಲ್ಲಿ ಹುಗಿಯುತ್ತಾರೆ. 2023ರ ಹೊತ್ತಿಗೆ ಇಂತಹ ಕಲ್ಲುಗಳ ಸಂಖ್ಯೆ ಒಂದು ಲಕ್ಷ ಮುಟ್ಟಿತು. ಸತ್ತವರ ಹೆಸರನ್ನು ದಾರಿಹೋಕರು ಮತ್ತೆ ತುಳಿಯುವಂತಾಗುತ್ತದೆಂಬ ಆಕ್ಷೇಪದಿಂದ ಮ್ಯೂನಿಕ್ ನಗರವು ಸಾರ್ವಜನಿಕ ಕಾಲುದಾರಿಗಳಲ್ಲಿ ಇವನ್ನು ಹುಗಿಯಲು ಒಪ್ಪಿಲ್ಲ. ಆ ಆಕ್ಷೇಪವನ್ನು ಎತ್ತಿದವರಲ್ಲಿ ಹತ್ಯಾಕಾಂಡದಿಂದ ಬದುಕುಳಿದವರೂ ಇರುವುದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

  

ಪ್ರವಾಸದ ಮುಂದಿನ ನಿಲುಗಡೆಯಾದ ಪ್ರಾಗ್ ನಗರದ ಪಿಂಕಾಸ್ ಸಿನಗಾಗ್, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ ಬೊಹೀಮಿಯ ಮತ್ತು ಮೊರೇವಿಯ ಪ್ರಾಂತಗಳಿಂದ ಸಾಗಿಸಿ ಕೊಲ್ಲಲಾದ ಸುಮಾರು 78,000 ಜನರ ಹೆಸರುಗಳನ್ನು ಕೈಬರಹದಲ್ಲಿ ಬರೆಯಲಾಗಿದೆ. ಸಮೀಪದ ಟೆರೆಜಿನ್ ಕೋಟೆಪಟ್ಟಣದಲ್ಲಿ ಸೆರೆಯಲ್ಲಿದ್ದ ಮಕ್ಕಳಿಗೆ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್ವಿತ್ಸ್‌ನಲ್ಲಿ ಕೊಲ್ಲಲಾಯಿತು. ಸೂಟ್‌ಕೇಸುಗಳಲ್ಲಿ ಅಡಗಿಸಿಟ್ಟಿದ್ದ ಮಕ್ಕಳ ಸುಮಾರು 4,500 ಚಿತ್ರಗಳು ಉಳಿದವು.

ಆಶ್ವಿತ್ಸ್-ಬಿರ್ಕೆನೌಗೆ ಸಾಗಿಸಲಾದ ಸುಮಾರು 13 ಲಕ್ಷ ಜನರಲ್ಲಿ 11 ಲಕ್ಷ ಮಂದಿ ಅಲ್ಲಿ ಸತ್ತರು. ಅವರಲ್ಲಿ ಸುಮಾರು 10 ಲಕ್ಷ ಜನ ಯೆಹೂದಿಗಳು. ಸೋವಿಯತ್ ಸೇನೆ 1945ರ ಜನವರಿ 27ರಂದು ಶಿಬಿರವನ್ನು ಬಿಡುಗಡೆ ಮಾಡಿತು; 1947ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಹದಿನಾಲ್ಕು ವರ್ಷಕ್ಕಿಂತ ಚಿಕ್ಕವರನ್ನು ಕರೆತರಬಾರದೆಂದು ಸಂಗ್ರಹಾಲಯ ಸಲಹೆ ನೀಡುತ್ತದೆ. ಅಲ್ಲಿ ಸುಮಾರು 1,10,000 ಪಾದರಕ್ಷೆಗಳು, 3,800 ಸೂಟ್‌ಕೇಸುಗಳು, ಸತ್ತವರ ತಲೆಗೂದಲು ಎರಡು ಟನ್‌ನಷ್ಟು ಉಳಿದಿವೆ. ಕೂದಲು ಮನುಷ್ಯದೇಹದ ಭಾಗವೆಂಬ ಕಾರಣದಿಂದ ಅದಕ್ಕೆ ಸಂರಕ್ಷಣೆಯ ಯಾವ ಪ್ರಕ್ರಿಯೆಯನ್ನೂ ಮಾಡದೆ, ತಾನಾಗಿ ಸವೆಯಲು ಬಿಡಲಾಗಿದೆ. ಆ ಕೋಣೆಯಲ್ಲಿ ಛಾಯಾಚಿತ್ರಕ್ಕೂ ಅನುಮತಿಯಿಲ್ಲ. ಪಾದರಕ್ಷೆಗಳ ವಿಚಾರ ಬೇರೆ. ಸಂರಕ್ಷಣಾ ತಜ್ಞರು ಒಂದೊಂದನ್ನೇ ಪರೀಕ್ಷಿಸಿ, ಧೂಳು ತೆಗೆದು, ಚರ್ಮಕ್ಕೆ ಬಲ ಕೊಡುತ್ತಾರೆ. 2020ರಲ್ಲಿ ಹೀಗೆ ಪರೀಕ್ಷಿಸುವಾಗ ಪುಟ್ಟ ಪಾದರಕ್ಷೆಯೊಂದರ ಒಳಗೆ ಮಗುವಿನ ಹೆಸರೂ ಸಾಗಣೆಯ ಸಂಖ್ಯೆಯೂ ಕೈಬರಹದಲ್ಲಿ ಕಂಡವು. ದಾಖಲೆಗಳೊಡನೆ ತಾಳೆ ನೋಡಿದಾಗ ಅದು ಪ್ರಾಗ್‌ನಲ್ಲಿ 1938ರಲ್ಲಿ ಹುಟ್ಟಿ, ಟೆರೆಜಿನ್‌ನಲ್ಲಿ ಸೆರೆಯಿದ್ದು, 1944ರ ಅಕ್ಟೋಬರಿನಲ್ಲಿ ತಾಯಿಯೊಡನೆ ಇಲ್ಲಿಗೆ ಬಂದ ಬಾಲಕನದೆಂದು ತಿಳಿಯಿತು. ಸಾಗಣೆ ಪಟ್ಟಿಯನ್ನು ಓದಬಲ್ಲ ವಿದ್ಯಾರ್ಥಿಗೆ ಈ ಪಾದರಕ್ಷೆ ಇತಿಹಾಸದ ಆಧಾರವಾಗುತ್ತದೆ; ಓದಲಾರದವನಿಗೆ ಅದು ಮರುಕ ಹುಟ್ಟಿಸುವ ವಸ್ತುವಾಗಿಯೇ ಉಳಿಯುತ್ತದೆ.

ಶಿಬಿರದಿಂದ ನೇರವಾಗಿ ಬಸ್ಸು ಹತ್ತುವ ರೂಢಿಯನ್ನು ಮಾತ್ರ ಅಧ್ಯಯನ ತಂಡಗಳು ಬಿಡಬೇಕು. ಶಿಬಿರಕ್ಕೆ ತಗಲಿಕೊಂಡಿರುವ ಓಶ್ವಿಯೆಂಚಿಮ್ ಪಟ್ಟಣದಲ್ಲಿ ಯುದ್ಧಕ್ಕೆ ಮೊದಲು ನಿವಾಸಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಯೆಹೂದಿಗಳಾಗಿದ್ದರು. ಅಲ್ಲಿ ಉಳಿದಿರುವ ಏಕೈಕ ಸಿನಗಾಗ್ ಮತ್ತು 2000ದಲ್ಲಿ ಅದರ ಪಕ್ಕ ತೆರೆದ ಯೆಹೂದಿ ಕೇಂದ್ರದಲ್ಲಿ ಆ ಜನರ ಮನೆ, ಅಂಗಡಿ, ಶಾಲೆ, ಹಬ್ಬಗಳ ವಿವರ ಸಿಗುತ್ತದೆ. ಕಾರ್ಯಕ್ರಮದಲ್ಲಿ ಅರ್ಧ ದಿನವನ್ನು ಇದಕ್ಕೆಂದೇ ಮೀಸಲಿಟ್ಟರೆ ಸಾಕಾಗುತ್ತದೆ.